ಹಕ್ಕಿ ನೋಡಲು, ಗುಡ್ಡ ಹತ್ತಲು, ದಿನವೂ ಕೆಲಸಕ್ಕೆ ಹೋಗಲು ಒಂದೇ ಕಾರು: ಯಾವುದನ್ನು ಕೊಳ್ಳಲಿ?

ಹಕ್ಕಿಗಣ್ಣು (ಮೈಸೂರು)

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಎಲ್ಲರೂ ಬರೆದದ್ದನ್ನು ಓದಿಕೊಂಡು ಸುಮ್ಮನಿದ್ದವಳು, ಈಗ ನನ್ನದೇ ತಲೆನೋವು ಹೊತ್ತು ತಂದಿದ್ದೇನೆ.

ಮನೆಯಲ್ಲಿ ನಾನು, ಯಜಮಾನರು, ಒಂಬತ್ತು ವರ್ಷದ ಮಗಳು. ಆಗಾಗ ಅತ್ತೆಯೂ ಜೊತೆಗಿರುತ್ತಾರೆ. ಈಗಿರುವುದು ಹನ್ನೆರಡು ವರ್ಷದ ಪುಟ್ಟ ಕಾರು. ಶಾಲೆಗೆ, ಕೆಲಸಕ್ಕೆ ದಿನಕ್ಕೆ 26 ಕಿಲೋಮೀಟರ್ ಓಡುತ್ತದೆ. ಭಾನುವಾರ ಬೆಳಗಿನ ಐದಕ್ಕೆ ಹೊರಟು ರಂಗನತಿಟ್ಟು, ಕಬಿನಿ ಹಿನ್ನೀರಿನ ಅಂಚು, ಬಿಳಿಗಿರಿರಂಗನ ಬೆಟ್ಟ ಎಂದು ತಿರುಗುತ್ತೇವೆ. ವರ್ಷಕ್ಕೆ ನಾಲ್ಕೈದು ಸಲ ತೀರ್ಥಹಳ್ಳಿ ಹತ್ತಿರದ ಯಜಮಾನರ ಊರಿಗೆ ಹೋಗಬೇಕು. ಆ ದಾರಿಯ ಕೊನೆಯ ಎರಡು ಕಿಲೋಮೀಟರ್ ಬರೀ ಮಣ್ಣು. ನಡುವೆ ಒಂದು ಹಳ್ಳ, ಮನೆಗೆ ನೂರು ಮಾರು ಇರುವಾಗ ಕಡಿದಾದ ಏರು. ಹೋದ ಆಷಾಢದಲ್ಲಿ ಆ ಏರಿನ ಬುಡದಲ್ಲೇ ಠಣ್ ಎಂದು ಸದ್ದಾಯಿತು. ಕೆಳಗಿಳಿದು ಹಿಂದೆ ನೋಡಿದರೆ ಕೆಮ್ಮಣ್ಣಿನ ಮೇಲೆ ಕಪ್ಪು ಎಣ್ಣೆಯ ಗೆರೆ. ಎಂಜಿನ್ ಅಡಿಯಲ್ಲಿ ಎಣ್ಣೆ ನಿಲ್ಲುವ ತೊಟ್ಟಿ, ಅಂದರೆ ಸಂಪ್ ಒಡೆದಿತ್ತು. ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಪೇಟೆಗೆ ಎಳೆಸಿದೆವು. ಊರವರೆಲ್ಲ ಬಂದು ನೋಡಿ ಹೋದರು.

ಒಟ್ಟು ವರ್ಷಕ್ಕೆ ಸುಮಾರು 12,000 ಕಿಲೋಮೀಟರ್ ಓಡಿಸುತ್ತೇವೆ. ಎಲ್ಲ ಸೇರಿ 11 ಲಕ್ಷ ದಾಟಬಾರದು. ಹೋಗುವಾಗ ಡಿಕ್ಕಿಯಲ್ಲಿ ದೂರದರ್ಶಕ, ಅದರ ಮುಕ್ಕಾಲಿ, ಒಂದು ಡೇರೆ, ಮೂರು ಮಲಗುವ ಚೀಲ. ಬರುವಾಗ ಇಷ್ಟರ ಮೇಲೆ ಅತ್ತೆ ಹೇರುವ ತೆಂಗಿನಕಾಯಿ ಚೀಲ ಮತ್ತು ಹಲಸಿನಹಣ್ಣು. ಯಜಮಾನರಿಗೆ ಮಾರುತಿಯ ಜೀಪಿನಂಥ ಗಾಡಿ ಜಿಮ್ನಿಯ ಹುಚ್ಚು, ನನಗೆ ಮೈಲೇಜಿನ ಚಿಂತೆ. ಒಂದು ಶೋರೂಂನಲ್ಲಿ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ಅಡಿಗೂ ನಡುವಿನ ಎತ್ತರ) ಎಷ್ಟು ಎಂದು ಕೇಳಿದರೆ ಆ ಹುಡುಗ ಸನ್‌ರೂಫ್ ತೆರೆದು ತೋರಿಸಿದ. ಅಲ್ಲಿಂದ ಎದ್ದು ಬಂದು ಇದನ್ನು ಬರೆಯುತ್ತಿದ್ದೇನೆ.

ಕೆಂಪುಜಿಮ್ನಿ (ಬೆಂಗಳೂರು)

ಯಜಮಾನರು ಸರಿಯಾಗಿಯೇ ಹೇಳಿದ್ದಾರೆ ಮೇಡಂ. ಐದು ಬಾಗಿಲಿನ ಜಿಮ್ನಿ 2023ರ ಜೂನ್‌ನಲ್ಲಿ ಬಂದಾಗಲೇ ಕೊಂಡವನು ನಾನು. 210 ಮಿಲಿಮೀಟರ್ ಎತ್ತರ, ನಾಲ್ಕೂ ಚಕ್ರಕ್ಕೆ ಶಕ್ತಿ, ಏರಿಗೆಂದೇ ಲೋ ರೇಂಜ್ ಗೇರು, ಹಿಂದಿನ ಬಾಗಿಲಿಗೆ ಪೂರ್ಣ ಅಳತೆಯ ಸ್ಟೆಪ್ನಿ. ನಿಮ್ಮ ಊರಿನ ಏರನ್ನು ಅದು ಆಕಳಿಸಿಕೊಂಡು ಹತ್ತುತ್ತದೆ.

ಮೈಲೇಜ್ ಬಗ್ಗೆ ಸುಳ್ಳು ಹೇಳುವುದಿಲ್ಲ. ಮ್ಯಾನುಯಲ್ ಗಾಡಿಗೆ ಕಂಪನಿ ಕೊಡುವ ಅಂಕಿ 16.94. ನನ್ನ ಕೈಯಲ್ಲಿ ಹೆದ್ದಾರಿಯಲ್ಲಿ 14-15, ಬೆಂಗಳೂರಿನ ದಟ್ಟಣೆಯಲ್ಲಿ 11-12. ನನ್ನ ಬಲಗಾಲು ಸ್ವಲ್ಪ ಭಾರ ಎಂದು ಹೆಂಡತಿಯ ಅಭಿಪ್ರಾಯ.

ಲೆಕ್ಕದ ಮೇಷ್ಟ್ರು (ದಾವಣಗೆರೆ)

ಗಾಡಿಯ ವಿಚಾರ ಬಲ್ಲವರು ಹೇಳಲಿ, ನಾನು ದುಡ್ಡಿನ ವಿಚಾರ ಹೇಳುತ್ತೇನೆ.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿದೆ. ಉದ್ದ ನಾಲ್ಕು ಮೀಟರಿನೊಳಗೆ, ಎಂಜಿನ್ ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರದಿದ್ದರೆ ತೆರಿಗೆ ಶೇ 18. ಎರಡರಲ್ಲಿ ಒಂದು ಮೀರಿದರೂ ಶೇ 40. ಜಿಮ್ನಿಯೂ ಬ್ರೆಝಾವೂ ನಾಲ್ಕು ಮೀಟರಿಗೆ ಬೆರಳಗಲ ಕಡಿಮೆ ಇವೆ, ಆದರೆ ಪೆಟ್ರೋಲ್ ಎಂಜಿನ್ 1462 ಸಿಸಿ. ಹಾಗಾಗಿ ಎರಡೂ ಮೇಲಿನ ಕಟ್ಟೆಯಲ್ಲಿ ಕುಳಿತವು. ಪಂಚ್, ಇಗ್ನಿಸ್, ವ್ಯಾಗನ್ಆರ್, ಟ್ರೈಬರ್, ನೆಕ್ಸಾನ್ ಕೆಳಗಿನ ಕಟ್ಟೆಯವು.

ಇನ್ನು ನಮ್ಮ ರಾಜ್ಯದ ರಸ್ತೆ ತೆರಿಗೆ. 5ರಿಂದ 10 ಲಕ್ಷದ ಕಾರಿಗೆ ಶೇ 14, 10ರಿಂದ 20 ಲಕ್ಷದ್ದಕ್ಕೆ ಶೇ 17. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಅಂದರೆ 9 ಲಕ್ಷ 90 ಸಾವಿರದ ಕಾರಿಗೆ ಸುಮಾರು 1.54 ಲಕ್ಷ, 10 ಲಕ್ಷ 10 ಸಾವಿರದ್ದಕ್ಕೆ 1.91 ಲಕ್ಷ. ಕಾರಿನ ಬೆಲೆಯಲ್ಲಿ 20 ಸಾವಿರ ಹೆಚ್ಚಾದದ್ದಕ್ಕೆ ತೆರಿಗೆಯಲ್ಲಿ 37 ಸಾವಿರ ದಂಡ. ಶೋರೂಂನವರು ‘ಇನ್ನೊಂದು ಮೆಟ್ಟಿಲು ಮೇಲಿನದು ತೆಗೆದುಕೊಳ್ಳಿ, ಕಂತಿನಲ್ಲಿ ಗೊತ್ತೇ ಆಗುವುದಿಲ್ಲ’ ಎನ್ನುವಾಗ ಇದು ನೆನಪಿರಲಿ. 12 ಲಕ್ಷ ದಾಟಿದ ಜಿಮ್ನಿ ತೆರಿಗೆ, ವಿಮೆ ಸೇರಿ ನಿಮ್ಮ ಮನೆ ಮುಂದೆ ಬಂದು ನಿಲ್ಲುವ ಹೊತ್ತಿಗೆ 15 ಲಕ್ಷದ ನೆರೆಮನೆಗೆ ಹೋಗಿರುತ್ತದೆ.

ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದು ಹಿಡಿಯಿರಿ. 12,000 ಕಿಲೋಮೀಟರಿಗೆ 14 ಕೊಡುವ ಗಾಡಿ 857 ಲೀಟರ್ ಕುಡಿಯುತ್ತದೆ, 18 ಕೊಡುವುದು 667. ವರ್ಷಕ್ಕೆ 19-20 ಸಾವಿರದ ವ್ಯತ್ಯಾಸ. ಇನ್ನೊಂದು ಮಾತು. ಜನ 20ರಿಂದ 25ಕ್ಕೆ ಏರುವುದನ್ನೇ ದೊಡ್ಡ ಉಳಿತಾಯ ಎಂದುಕೊಳ್ಳುತ್ತಾರೆ. ನಿಮ್ಮ ಓಡಾಟಕ್ಕೆ ಅದು 120 ಲೀಟರ್. 12ರಿಂದ 15ಕ್ಕೆ ಏರಿದರೆ ಉಳಿಯುವುದು 200 ಲೀಟರ್. ಆದ್ದರಿಂದ ತೀರಾ ಕುಡುಕ ಗಾಡಿಯಿಂದ ದೂರವಿರಿ, ಆದರೆ 20, 21, 22 ಎಂದು ಒಂದೊಂದು ಅಂಕಿಗೆ ಜಗಳವಾಡಬೇಡಿ.

ಗ್ಯಾಸ್‌ಗಾಡಿ (ಬೆಂಗಳೂರು)

ಮೇಷ್ಟ್ರ ಲೆಕ್ಕಕ್ಕೆ ನನ್ನದೂ ಒಂದು ಸಾಲು. ಸಿಎನ್‌ಜಿ ವ್ಯಾಗನ್ಆರ್. ಕಂಪನಿಯ ಅಂಕಿ ಕಿಲೋಗೆ 34.05, ನನಗೆ 27-28 ಸಿಗುತ್ತಿದೆ. ಕಚೇರಿಗೆ ಹೋಗಿ ಬರುವ ಖರ್ಚು ಅರ್ಧಕ್ಕಿಳಿದಿದೆ.

ಹಕ್ಕಿಗಣ್ಣು

ಡೇರೆ ಎಲ್ಲಿಡುತ್ತೀರಿ?

ಗ್ಯಾಸ್‌ಗಾಡಿ

ಹಿಂದಿನ ಸೀಟಿನ ಮೇಲೆ. ಡಿಕ್ಕಿಯಲ್ಲಿ ಸಿಲಿಂಡರ್ ಮಲಗಿದೆ. ಮಲೆನಾಡಿಗೆ ಹೋದಾಗ ಬಂಕ್ ಹುಡುಕುವ ಗೋಜಿಗೆ ಹೋಗದೆ ಪೆಟ್ರೋಲಿನಲ್ಲೇ ಓಡಿಸುತ್ತೇನೆ. ನೀವು ಕೇಳಿದ ಮೇಲೆ ಯೋಚಿಸಿದರೆ, ಪ್ರವಾಸದಲ್ಲಿ ನನಗೆ ಆ ಸಿಲಿಂಡರಿನಿಂದ ಭಾರ ಬಿಟ್ಟು ಬೇರೇನೂ ಇಲ್ಲ. ಎರಡು ಸಣ್ಣ ಸಿಲಿಂಡರ್ ಅಡಿಯಲ್ಲಿಟ್ಟ ಪಂಚ್ ಬಂದಿದೆ. ಅದರಲ್ಲಿ 210 ಲೀಟರ್ ಜಾಗ ಉಳಿಯುತ್ತದೆ. ಹಲಸಿನಹಣ್ಣಿಗೆ ಸಾಕು, ಡೇರೆಗೆ ಅನುಮಾನ.

ಘಾಟಿರಾಯ (ಸಕಲೇಶಪುರ)

ತಡವಾಗಿ ನೋಡಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಹೊರಗೆ ಮಳೆ ಹೊಡೆಯುತ್ತಿದೆ, ತೋಟದಲ್ಲಿ ಮಾಡಲು ಕೆಲಸವಿಲ್ಲ.

ಇಪ್ಪತ್ತೇಳು ವರ್ಷದಿಂದ ಈ ಗುಡ್ಡಗಳಲ್ಲಿ ಓಡಿಸುತ್ತಿದ್ದೇನೆ. ಜೀಪು, ಜಿಪ್ಸಿ, ಓಮ್ನಿ, ಬೊಲೆರೊ ಎಲ್ಲ ಕೈಯಲ್ಲಿ ಆಡಿವೆ. ಜನಸಾಮಾನ್ಯರಿಗೆ ಜಿಪ್ಸಿ ಮಾರುವುದು 2019ರಲ್ಲಿ ನಿಂತಾಗ ಮನೆಯಲ್ಲಿ ಸೂತಕದ ಕಳೆ ಇತ್ತು. ಅಂಥವನೇ ಹೇಳುತ್ತಿದ್ದೇನೆ: ತಂಗಿ, ನಿಮಗೆ ಫೋರ್ ವೀಲ್ ಡ್ರೈವ್ ಬೇಡ.

ನಿಮ್ಮ 12,000 ಕಿಲೋಮೀಟರಿನಲ್ಲಿ ಮಣ್ಣಿನ ದಾರಿ ಎಷ್ಟು? ಊರಿಗೆ ಐದು ಸಲ, ಹೋಗಿ ಬರಲು ನಾಲ್ಕು ಕಿಲೋಮೀಟರ್ ಎಂದರೆ ಇಪ್ಪತ್ತು. ಹಕ್ಕಿ ಹುಡುಕಲು ಇನ್ನೊಂದು ಇನ್ನೂರು ಹಾಕಿ. ಅದರಲ್ಲಿ ಎರಡು ಚಕ್ರದ ಶಕ್ತಿ ಸಾಲದೆ ನಿಲ್ಲುವ ಜಾಗ ಒಟ್ಟು ಒಂದು ಕಿಲೋಮೀಟರ್ ಇದ್ದರೆ ಹೆಚ್ಚು. ಆ ಒಂದು ಕಿಲೋಮೀಟರಿಗಾಗಿ ಉಳಿದ 11,999ರಲ್ಲೂ ಹೆಚ್ಚುವರಿ ಕಬ್ಬಿಣವನ್ನು ಹೊತ್ತು ತಿರುಗುವುದಕ್ಕಿಂತ ಅಲ್ಲಿ ಗಾಡಿ ನಿಲ್ಲಿಸಿ ನಡೆಯುವುದು ಮೇಲು. ಹಕ್ಕಿ ನೋಡುವವರು ಹೇಗೂ ನಡೆಯಬೇಕಲ್ಲ.

ನಿಮ್ಮ ಸಂಪ್ ಒಡೆದದ್ದು ಶಕ್ತಿ ಸಾಲದೆ ಅಲ್ಲ, ಎತ್ತರ ಸಾಲದೆ. 180 ಮಿಲಿಮೀಟರಿನ ಮೇಲೆ ಯಾವುದಿದ್ದರೂ ನಡೆಯುತ್ತದೆ. ಆದರೆ ಆ ಅಂಕಿ ಖಾಲಿ ಗಾಡಿಯದು. ನಾಲ್ಕು ಜನ ಕುಳಿತು ತೆಂಗಿನಕಾಯಿ ಚೀಲ ಹೇರಿದರೆ ಹಿಂಭಾಗ ಎರಡು ಮೂರು ಬೆರಳು ಕೂರುತ್ತದೆ. ಶೋರೂಂಗೆ ಹೋಗುವಾಗ ಕುಟುಂಬವನ್ನೆಲ್ಲ ಕರೆದುಕೊಂಡು ಹೋಗಿ, ಒಳಗೆ ಕೂರಿಸಿ, ನೀವು ಕೆಳಗೆ ಬಗ್ಗಿ ನೋಡಿ. ಜನ ನಗುತ್ತಾರೆ, ನಗಲಿ. ಅಡಿಯಲ್ಲಿ ಎಲ್ಲಕ್ಕಿಂತ ಕೆಳಗೆ ನೇತಾಡುತ್ತಿರುವುದು ಯಾವುದು ಎಂದು ಗುರುತಿಸಿಕೊಳ್ಳಿ. ಸಂಪ್ ಆದರೆ ಅದಕ್ಕೊಂದು ದಪ್ಪ ಉಕ್ಕಿನ ತಗಡು ಹಾಕಿಸಿ. ಸೈಲೆನ್ಸರ್ ಆದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಪೆಟ್ಟು ತಿನ್ನಲೆಂದೇ ಹುಟ್ಟಿದ್ದು.

ಟೈರಿನ ಮಾತಿಗೆ ಬರುತ್ತೇನೆ, ಇದನ್ನು ಯಾರೂ ಹೇಳುವುದಿಲ್ಲ. ಮೇಲ್ದರ್ಜೆಯ ಮಾದರಿಗೆ 16 ಅಂಗುಲದ ಹೊಳೆಯುವ ಅಲಾಯ್ ಕೊಡುತ್ತಾರೆ, ಕೆಳದರ್ಜೆಗೆ 15 ಅಂಗುಲದ ಉಕ್ಕಿನ ಚಕ್ರ. ಕಲ್ಲು ದಾರಿಗೆ ಕೆಳದರ್ಜೆಯದೇ ವಾಸಿ. ಚಕ್ರ ಚಿಕ್ಕದಾದಷ್ಟೂ ಟೈರಿನ ಪಕ್ಕೆ ದಪ್ಪ, ಪಕ್ಕೆ ದಪ್ಪವಾದಷ್ಟೂ ಕಲ್ಲಿನ ಪೆಟ್ಟನ್ನು ಅದೇ ನುಂಗುತ್ತದೆ. ಉಕ್ಕಿನ ಚಕ್ರ ಸೊಟ್ಟಗಾದರೆ ಕೊಪ್ಪದ ಗ್ಯಾರೇಜಿನವನೂ ಸುತ್ತಿಗೆಯಿಂದ ಸರಿ ಮಾಡುತ್ತಾನೆ. ಅಲಾಯ್ ಬಿರುಕು ಬಿಟ್ಟರೆ ಹೊಸದೇ ಬೇಕು. ಸ್ಟೆಪ್ನಿ ಬಗ್ಗೆಯೂ ಕೇಳಿ. ಈಗ ಕೆಲವು ಗಾಡಿಗಳಿಗೆ ಸ್ಟೆಪ್ನಿಯ ಬದಲು ಅಂಟು ತುಂಬಿದ ಡಬ್ಬಿ ಕೊಡುತ್ತಾರೆ. ಮೊಳೆ ಚುಚ್ಚಿದ್ದಕ್ಕೆ ಅದು ಸರಿ, ಕಲ್ಲು ಸೀಳಿದ ಟೈರಿಗೆ ಏನು ಮಾಡುತ್ತೀರಿ? ಹನ್ನೆರಡು ಕಿಲೋಮೀಟರ್ ನಡೆದ ಮೇಲೆ ಮೊಬೈಲ್‌ಗೆ ಒಂದು ಗೆರೆ ಸಿಗ್ನಲ್ ಸಿಗುತ್ತದೆ.

ಕೆಸರಿನಲ್ಲಿ ಗಾಳಿಯನ್ನು 20 ಪಿಎಸ್‌ಐವರೆಗೆ ಇಳಿಸಿ ನೋಡಿ, ಅದೇ ಟೈರು ಬೇರೆ ಟೈರಾಗುತ್ತದೆ. ಡಾಂಬರಿಗೆ ಬಂದ ಕೂಡಲೇ ತುಂಬಿಸಬೇಕು, ಆದ್ದರಿಂದ ಗಾಡಿಯ ಬ್ಯಾಟರಿಯಿಂದ ನಡೆಯುವ ಸಣ್ಣ ಪಂಪು ಇಟ್ಟುಕೊಳ್ಳಿ. ಅದರ ಜೊತೆ ಒಂದು ಗುದ್ದಲಿ, ಎರಡು ಗೋಣಿಚೀಲ, ಒಂದು ಎಳೆಯುವ ಹಗ್ಗ. ಇಷ್ಟು ನನ್ನ ಫೋರ್ ವೀಲ್ ಡ್ರೈವ್.

ಏರಿನಲ್ಲಿ ಚಕ್ರ ಸುತ್ತಿದರೆ ಹಳಬರ ಒಂದು ಉಪಾಯವಿದೆ. ಈಗಿನ ಸಣ್ಣ ಕಾರುಗಳೆಲ್ಲ ಮುಂದಿನ ಚಕ್ರದಿಂದ ಎಳೆಯುತ್ತವೆ. ಏರುವಾಗ ಭಾರ ಹಿಂದಕ್ಕೆ ಜಾರಿ ಮುಂದಿನ ಚಕ್ರ ಹಗುರಾಗುತ್ತದೆ, ಅದಕ್ಕೇ ಸುತ್ತುವುದು. ಗಾಡಿ ತಿರುಗಿಸಿ ರಿವರ್ಸ್‌ನಲ್ಲಿ ಹತ್ತಿಸಿ. ಆಗ ಎಳೆಯುವ ಚಕ್ರದ ಮೇಲೇ ಭಾರ ಬೀಳುತ್ತದೆ. ನಿಮ್ಮ ಅತ್ತೆಯನ್ನು ಮೊದಲು ಕೆಳಗಿಳಿಸಿ.

ಹಕ್ಕಿಗಣ್ಣು

ಅಣ್ಣ, ಇದನ್ನು ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅತ್ತೆಯನ್ನು ಕೆಳಗಿಳಿಸುವ ಮಾತಿಗೆ ಅತ್ತೆಯೇ ಮೊದಲು ನಕ್ಕರು. ಯಜಮಾನರು ‘ಅವರೊಬ್ಬರ ಅಭಿಪ್ರಾಯ’ ಎಂದರು.

ಕೆಂಪುಜಿಮ್ನಿ

ರಾಯರ ಮಾತನ್ನು ಗೌರವದಿಂದಲೇ ವಿರೋಧಿಸುತ್ತೇನೆ. ಗೋಣಿಚೀಲ ಹಾಸಿ ಗಾಡಿ ಎತ್ತುವುದು ತೋಟದ ಆಳುಗಳಿದ್ದಾಗ ಸರಿ. ಒಂಬತ್ತು ವರ್ಷದ ಮಗು, ವಯಸ್ಸಾದವರು, ಸಂಜೆ ಆರೂವರೆ, ಮಳೆ: ಆಗ ಗೇರು ಬದಲಿಸಿ ಹೊರಟುಬಿಡುವ ಗಾಡಿಯ ಬೆಲೆ ಗೊತ್ತಾಗುತ್ತದೆ. ಅದಕ್ಕೆ ವರ್ಷಕ್ಕೆ 20 ಸಾವಿರ ಹೆಚ್ಚೆನಿಸುವುದಿಲ್ಲ.

ಘಾಟಿರಾಯ

ಒಪ್ಪಿದೆ. ಆದರೆ ಸಂಜೆ ಆರೂವರೆಗೆ, ಮಳೆಯಲ್ಲಿ, ಮಗುವನ್ನು ಕರೆದುಕೊಂಡು ಅಂಥ ಜಾಗಕ್ಕೆ ಹೋಗುವ ಧೈರ್ಯ ಕೊಡುವುದೂ ಅದೇ ಗಾಡಿ. ನಮ್ಮ ಕಡೆ ನಾನು ಟ್ರ್ಯಾಕ್ಟರಿನಲ್ಲಿ ಎಳೆದಿರುವ ಗಾಡಿಗಳಲ್ಲಿ ಹೆಚ್ಚಿನವು ನಾಲ್ಕೂ ಚಕ್ರಕ್ಕೆ ಶಕ್ತಿ ಇರುವವೇ. ಎರಡೇ ಚಕ್ರಕ್ಕೆ ಶಕ್ತಿ ಇರುವ ಗಾಡಿಯವರು ಹಳ್ಳದ ಈಚೆಗೇ ನಿಂತುಬಿಡುತ್ತಾರೆ.

ಬಾಡಿಗೆಜೀಪು (ನಿಟ್ಟೂರು)

ನಾನು ಕೊಡಚಾದ್ರಿಗೆ ಜೀಪು ಓಡಿಸುವವನು. ರಾಯರು ಹೇಳಿದ್ದು ನೂರಕ್ಕೆ ನೂರು ಸತ್ಯ. ನಮ್ಮ ಬೆಟ್ಟ ಇರುವುದು 1343 ಮೀಟರ್. ಕೊನೆಯ ದಾರಿ ದಾರಿಯೇ ಅಲ್ಲ, ಮಳೆ ಕೊರೆದ ಚರಂಡಿ. ಒಂದು ಚಕ್ರ ದರೆಯ ಮೇಲೆ, ಇನ್ನೊಂದು ಗುಂಡಿಯಲ್ಲಿ. ದಿನಾ ಹೋಗುವ ನಮಗೇ ತಿಂಗಳಿಗೊಮ್ಮೆ ಲೀಫ್ ಸ್ಪ್ರಿಂಗಿನ ಕೆಲಸ ಬರುತ್ತದೆ. ಪೇಟೆಯವರು ಹೊಸ ಗಾಡಿ ತಂದು ಬಂಪರ್ ಕೈಯಲ್ಲಿ ಹಿಡಿದುಕೊಂಡು ಇಳಿದು ಬರುವುದನ್ನು ನೋಡಿದರೆ ನಮಗೂ ಸಂಕಟವಾಗುತ್ತದೆ. ಕೊಲ್ಲೂರು ಕಡೆಯಿಂದಲೂ ಜೀಪುಗಳಿವೆ, ನಮ್ಮ ಕಡೆಯಿಂದಲೂ ಇವೆ. ಮಂಡಲ್‌ಪಟ್ಟಿಗೆ ಹೋಗುವವರಿಗೂ ಮಡಿಕೇರಿಯಲ್ಲಿ ಜೀಪು ಸಿಗುತ್ತದೆ. ಕಾರನ್ನು ಕೆಳಗೆ ನೆರಳಿನಲ್ಲಿ ನಿಲ್ಲಿಸಿ ಬನ್ನಿ.

ನಮ್ಮ ಹೊಟ್ಟೆಪಾಡಿನ ಮಾತು ಎಂದುಕೊಂಡರೂ ಬೇಸರವಿಲ್ಲ.

ಹಳೆಡಸ್ಟರ್ (ಹುಬ್ಬಳ್ಳಿ)

ಎರಡರ ನಡುವಿನ ದಾರಿ ಒಂದಿದೆ. 2014ರಲ್ಲಿ ಬಂದ ನಾಲ್ಕೂ ಚಕ್ರಕ್ಕೆ ಶಕ್ತಿ ಇರುವ ಡೀಸೆಲ್ ಡಸ್ಟರ್. ಸೆಕೆಂಡ್ ಹ್ಯಾಂಡ್ ಆದರೆ ನಿಮ್ಮ ಬಜೆಟ್ಟಿನ ಅರ್ಧದೊಳಗೆ ಸಿಗಬಹುದು. ಗುಂಡಿ ಬಿದ್ದ ರಸ್ತೆಯ ಮೇಲೆ ಅದರಷ್ಟು ಹಾಯಾಗಿ ಓಡುವ ಗಾಡಿಯನ್ನು ನಾನು ಕಂಡಿಲ್ಲ. ದಾಂಡೇಲಿ, ಕಾಳಿ ಕಡೆ ಹೋದಾಗ ಲೀಟರಿಗೆ 16 ಕೊಡುತ್ತದೆ.

ಲೆಕ್ಕದ ಮೇಷ್ಟ್ರು

ಹನ್ನೊಂದು ವರ್ಷದ ಡೀಸೆಲ್ ಗಾಡಿ. ಹದಿನೈದಕ್ಕೆ ನೋಂದಣಿ ನವೀಕರಣದ ಓಡಾಟ, ನಿಂತುಹೋದ ಮಾದರಿಯ ಬಿಡಿಭಾಗಕ್ಕೆ ಅಲೆದಾಟ. ನೀವು ಪ್ರೀತಿಯಿಂದ ಇಟ್ಟುಕೊಂಡಿದ್ದೀರಿ, ನಿಭಾಯಿಸುತ್ತೀರಿ. ಸೋಮವಾರ ಎಂಟೂವರೆಗೆ ಶಾಲೆಯ ಗೇಟಿನ ಮುಂದೆ ಇರಲೇಬೇಕಾದವರಿಗೆ ನಾನು ಹೇಳಲಾರೆ.

ಹಕ್ಕಿಗಣ್ಣು

ಹೊಸ ಡೀಸೆಲ್ ಹೇಗೆ? ನೆಕ್ಸಾನ್ ಡೀಸೆಲ್‌ಗೆ 208 ಮಿಲಿಮೀಟರ್ ಎತ್ತರ, 23ರ ಮೇಲೆ ಮೈಲೇಜ್ ಎಂದು ಓದಿದೆ.

ಘಾಟಿರಾಯ

ಘಾಟಿ ಹತ್ತಲು ಡೀಸೆಲ್‌ನಂಥದ್ದು ಇಲ್ಲ, ಮೂರನೇ ಗೇರಿನಲ್ಲಿ ಗುನುಗುತ್ತಾ ಹೋಗುತ್ತದೆ. ಆದರೆ 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಹೊಗೆ ನಿಯಮದ ಡೀಸೆಲ್‌ಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದೆ. ಗಾಡಿ ಬಿಸಿಯಾಗಿ ಒಂದಿಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿದರೆ ಆ ಮಸಿ ಸುಟ್ಟುಹೋಗುತ್ತದೆ. ದಿನವೂ ಊರೊಳಗೆ ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಿದರೆ ಕಟ್ಟಿಕೊಂಡು ಎಚ್ಚರಿಕೆಯ ದೀಪ ಉರಿಯುತ್ತದೆ. ವರ್ಷಕ್ಕೆ 20,000 ಓಡಿಸುವವರಾಗಿದ್ದರೆ ಕಣ್ಣು ಮುಚ್ಚಿ ಡೀಸೆಲ್ ಎನ್ನುತ್ತಿದ್ದೆ. ನಿಮ್ಮ ಓಡಾಟಕ್ಕೆ ಹೆಚ್ಚು ಕೊಟ್ಟ ಹಣ ಹುಟ್ಟಲು ಬಹಳ ವರ್ಷ ಬೇಕು.

ಕಡಲಾಚೆ (ಸಿಯಾಟಲ್)

ಮೂಲ ಊರು ಸಾಗರ, ಈಗ ಇಲ್ಲಿ. ಇಲ್ಲಿ ಗುಡ್ಡ ಹತ್ತುವವರ ಅಂಗಳದಲ್ಲೆಲ್ಲ ಸುಬಾರು ನಿಂತಿರುತ್ತದೆ. ನನ್ನದು ಕ್ರಾಸ್‌ಟ್ರೆಕ್, 220 ಮಿಲಿಮೀಟರ್ ಎತ್ತರ, ನಾಲ್ಕು ಚಕ್ರಕ್ಕೂ ಶಕ್ತಿ. ಆದರೆ ಅದು ಬೇಕಾಗುವುದು ಹಿಮಕ್ಕೆ. ಬೇಸಿಗೆಯಲ್ಲಿ ಚಾರಣದ ಬುಡದವರೆಗೂ ಜಲ್ಲಿ ರಸ್ತೆ ಇರುತ್ತದೆ, ಪಕ್ಕದಲ್ಲೇ ಹಳೆಯ ಸೆಡಾನ್‌ಗಳೂ ಬಂದು ನಿಂತಿರುತ್ತವೆ. ಊರಿಗೆ ಬಂದಾಗ ಚಿಕ್ಕಪ್ಪನ ಈಕೋ ವ್ಯಾನ್ ಹೋಗುವ ದಾರಿಯನ್ನು ಇಲ್ಲಿನವರಿಗೆ ತೋರಿಸಿದರೆ ನಂಬುವುದಿಲ್ಲ.

ತಮ್ಮ ಪಟ್ಟಿಗೆ ಸಹಾಯವಾಗಲಾರದು, ಸುಬಾರು ಅಲ್ಲಿ ಸಿಗುವುದಿಲ್ಲ. ಸುಮ್ಮನೆ ಮಾತನಾಡಬೇಕೆನಿಸಿತು.

ಸದ್ದಿಲ್ಲದಗಾಡಿ (ಮಂಗಳೂರು)

ವಿದ್ಯುತ್ ಕಾರಿನ ಮಾತನ್ನು ಯಾರೂ ಎತ್ತಲಿಲ್ಲವಲ್ಲ? ಹಕ್ಕಿ ನೋಡುವವರಿಗೆ ಅದಕ್ಕಿಂತ ಒಳ್ಳೆಯ ಗಾಡಿ ಬೇರೆ ಇಲ್ಲ. ಎಂಜಿನ್ ಸದ್ದಿಲ್ಲ, ಮರದ ಕೆಳಗೆ ಹೋಗಿ ನಿಂತರೂ ಮಂಗಟ್ಟೆ ಹಾರುವುದಿಲ್ಲ. ಘಾಟಿ ಹತ್ತುವಾಗ ಬ್ಯಾಟರಿ ಸರಸರನೆ ಇಳಿಯುತ್ತದೆ ನಿಜ, ಆದರೆ ಇಳಿಯುವಾಗ ಒಂದು ಪಾಲು ಹಿಂದಕ್ಕೆ ಬರುತ್ತದೆ. ಚಾರ್ಮಾಡಿ ಇಳಿದು ಬಂದರೆ ಮೇಲೆ ಇದ್ದದ್ದಕ್ಕಿಂತ ಕೆಳಗೆ ಬಂದಾಗ ಹೆಚ್ಚು ತೋರಿಸುತ್ತದೆ.

ಹಕ್ಕಿಗಣ್ಣು

ಆಸೆಯಾಗುತ್ತದೆ. ಆದರೆ ಮೈಸೂರಿನಿಂದ ಊರು ಮುನ್ನೂರು ಕಿಲೋಮೀಟರಿನ ಆಸುಪಾಸು. ಅತ್ತೆಯ ಮನೆಯಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಮೂರು ದಿನ ಬರುವುದಿಲ್ಲ. ಸೀಮೆಎಣ್ಣೆ ಬುಡ್ಡಿ ಇನ್ನೂ ಅಟ್ಟದ ಮೇಲೆ ಇದೆ.

ಸದ್ದಿಲ್ಲದಗಾಡಿ

ಮೂರು ದಿನ ಎಂದರೆ ಸೋಲು ಒಪ್ಪಿಕೊಂಡೆ.

ನಿರ್ವಾಹಕ

ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಕಾಡಿನೊಳಗೆ ಹಳ್ಳಕ್ಕೆ ಗಾಡಿ ಇಳಿಸಿ ‘ಆಫ್‌ರೋಡ್’ ಮಾಡಿದ ಚಿತ್ರಗಳಿಗೆ ಇಲ್ಲಿ ಜಾಗವಿಲ್ಲ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಲ್ಲಿ ಅದು ವನ್ಯಜೀವಿ ಕಾಯ್ದೆಯಡಿ ಅಪರಾಧ. ಡೇರೆ ಹಾಕಲೂ ಅನುಮತಿ ಬೇಕು. ಮೈಸೂರಿನವರು ಗಮನಿಸಿ: ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರವಿಲ್ಲ. ಯಾವ ಗಾಡಿಯಾದರೂ ಗೇಟಿನ ಮುಂದೆ ಒಂದೇ. ಮುಂದುವರಿಸಿ.

ಹಕ್ಕಿಗಣ್ಣು

ಎರಡು ಶನಿವಾರ ಶೋರೂಂ ಸುತ್ತಿ ಬಂದ ವರದಿ ಇದು. ಅಳತೆಪಟ್ಟಿ, ಮುಕ್ಕಾಲಿ, ಡೇರೆಯ ಚೀಲ, ಅತ್ತೆ, ಮಗಳು ಎಲ್ಲರೂ ಜೊತೆಗಿದ್ದರು.

ವ್ಯಾಗನ್ಆರ್: ಅತ್ತೆಗೆ ಬಹಳ ಇಷ್ಟ. ಸೀರೆ ಉಟ್ಟು ಬಗ್ಗದೆ ಹತ್ತಿ ಕುಳಿತರು. 341 ಲೀಟರ್ ಡಿಕ್ಕಿಯಲ್ಲಿ ಎಲ್ಲ ಹಿಡಿಯಿತು. ಆದರೆ 165 ಮಿಲಿಮೀಟರ್. ಆ ಕಪ್ಪು ಗೆರೆ ಕಣ್ಣಮುಂದೆ ಬಂತು.

ಟ್ರೈಬರ್: ಮೂರನೇ ಸಾಲಿನ ಸೀಟನ್ನು ಕೈಯಿಂದಲೇ ಕಳಚಿ ಮನೆಯಲ್ಲಿಡಬಹುದು. ಆಗ 625 ಲೀಟರ್ ಜಾಗ. ಮಗಳು ಒಳಗೆ ಹೋಗಿ ಕಾಲು ಚಾಚಿ ಮಲಗಿದಳು. 182 ಮಿಲಿಮೀಟರ್ ಎತ್ತರವೂ ಇದೆ. ಎಂಜಿನ್ ಮಾತ್ರ ಒಂದೇ ಲೀಟರಿನದು. ಚಾಮುಂಡಿ ಬೆಟ್ಟಕ್ಕೆ ನಾಲ್ಕು ಜನ ಹತ್ತುವಾಗ ಎರಡನೇ ಗೇರು ಬಿಡಲಿಲ್ಲ. ಮೈಸೂರಿನಿಂದಾಚೆಗೆ ಹೋಗದವರಿಗೆ ಇದರಷ್ಟು ಒಳ್ಳೆಯ ಸೌದಾ ಇಲ್ಲ ಎನಿಸಿತು.

ಇಗ್ನಿಸ್: 180 ಮಿಲಿಮೀಟರ್, ಚುರುಕಾದ ಗಾಡಿ. 260 ಲೀಟರಿನಲ್ಲಿ ಮುಕ್ಕಾಲಿ ಅಡ್ಡಡ್ಡಲಾಗಿ ಮಾತ್ರ ಹಿಡಿಯುತ್ತದೆ, ಡೇರೆ ಮಗಳ ಕಾಲ ಕೆಳಗೆ.

ಪಂಚ್: 187 ಮಿಲಿಮೀಟರ್, 366 ಲೀಟರ್. ಬಾಗಿಲು ತೊಂಬತ್ತು ಡಿಗ್ರಿ ತೆರೆಯುತ್ತದೆ, ಅತ್ತೆಗೆ ಸಲೀಸು. ಮೂರು ಸಿಲಿಂಡರಿನ ನಡುಕ ಸ್ವಲ್ಪ ಗೊತ್ತಾಗುತ್ತದೆ.

ಜಿಮ್ನಿ: ನೋಡಲೇಬೇಕೆಂದು ಯಜಮಾನರು ಹಟ ಹಿಡಿದರು, ನೋಡಿದೆವು. ಹಿಂದಿನ ಬಾಗಿಲು ಪಕ್ಕಕ್ಕೆ ತೆರೆಯುತ್ತದೆ. ನಮ್ಮ ಮನೆಯ ಕಾಂಪೌಂಡ್ ಗೋಡೆಗೂ ಗಾಡಿಗೂ ನಡುವೆ ಇರುವ ಜಾಗದಲ್ಲಿ ಅದು ತೆರೆಯುವುದೇ ಇಲ್ಲ. 208 ಲೀಟರಿನಲ್ಲಿ ಡೇರೆ ಇಟ್ಟರೆ ಮುಕ್ಕಾಲಿಗೆ ಜಾಗವಿಲ್ಲ. ಅತ್ತೆ ಒಂದು ಕಾಲು ಮೇಲಿಟ್ಟು ಸುಮ್ಮನೆ ನಿಂತರು, ಮಗನ ಮುಖ ನೋಡಿದರು. ಮಗ ಸ್ಟೀರಿಂಗ್ ಹಿಡಿದುಕೊಂಡು ಎಲ್ಲೋ ನೋಡುತ್ತಿದ್ದರು.

ಘಾಟಿರಾಯ

ಪಂಚ್‌ನಲ್ಲಿ ಕೆಳದರ್ಜೆಯದು, 15 ಅಂಗುಲದ ಉಕ್ಕಿನ ಚಕ್ರದ್ದು, ಐದು ಗೇರಿನ ಮ್ಯಾನುಯಲ್. ಉಳಿದ ಹಣದಲ್ಲಿ ಸಂಪ್‌ಗೆ ತಗಡು, ಗಾಳಿ ಪಂಪು. ಮುಂದೆ ಉಕ್ಕಿನ ಬುಲ್‌ಬಾರ್ ಹಾಕಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, 2017ರ ಡಿಸೆಂಬರ್‌ನಲ್ಲೇ ಕೇಂದ್ರ ನಿಷೇಧಿಸಿದೆ. ಛಾವಣಿಯ ಮೇಲೆ ಕ್ಯಾರಿಯರ್ ಕೂಡ ಬೇಡ. ಖಾಲಿ ಕ್ಯಾರಿಯರ್ ಕೂಡ ಗಾಳಿಗೆ ಅಡ್ಡ ನಿಂತು ಹೆದ್ದಾರಿಯಲ್ಲಿ ಪೆಟ್ರೋಲ್ ತಿನ್ನುತ್ತದೆ. ಹಲಸಿನಹಣ್ಣು ಮೇಲಿಟ್ಟರೆ ಮಂಗಗಳ ಪಾಲು.

ಮೈಲೇಜ್ ಬೇಕೆಂದವರಿಗೆ ಇನ್ನೊಂದು ಮಾತು. ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುತ್ತೇನೆ ಎನ್ನುವವರು ನಮ್ಮಲ್ಲಿ ಊರಿಗೊಬ್ಬರಿದ್ದಾರೆ. ಕಾರ್ಬುರೇಟರ್ ಕಾಲದ ಬುದ್ಧಿ ಅದು. ಈಗಿನ ಎಂಜಿನ್‌ನಲ್ಲಿ ಗೇರಿನಲ್ಲಿದ್ದುಕೊಂಡೇ ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಹರಿಯುವುದೇ ನಿಲ್ಲುತ್ತದೆ, ಚಕ್ರವೇ ಎಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್ ಮಾಡಿದಿರೋ, ಎಂಜಿನ್ ಜೀವ ಹಿಡಿದುಕೊಳ್ಳಲು ಕುಡಿಯಲೇಬೇಕು. ಅಲ್ಲದೆ ಹಿಡಿತವೆಲ್ಲ ಬ್ರೇಕಿನ ಮೇಲೆ ಬಿದ್ದು, ಆಗುಂಬೆಯ ಹದಿನಾಲ್ಕು ತಿರುವು ಮುಗಿಯುವ ಹೊತ್ತಿಗೆ ಸುಟ್ಟ ವಾಸನೆ. ಎರಡನೇ ಗೇರಿನಲ್ಲಿ ಇಳಿಯಿರಿ.

ಹಕ್ಕಿಗಣ್ಣು (ಮೂರು ತಿಂಗಳ ನಂತರ)

ಕೇಳಿದವರಿಗೆಲ್ಲ ಉತ್ತರ ಬಾಕಿ ಇತ್ತು. ಪಂಚ್ ಬಂದಿದೆ, ರಾಯರು ಹೇಳಿದ ಕೆಳದರ್ಜೆಯದೇ. ಸನ್‌ರೂಫ್ ಇಲ್ಲ, ಮಗಳು ಎರಡು ದಿನ ಮಾತು ಬಿಟ್ಟಿದ್ದಳು.

ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ಅದೇ ಬಂಕ್‌ನಲ್ಲಿ ಕುತ್ತಿಗೆಯವರೆಗೆ ತುಂಬಿಸಿ ಲೆಕ್ಕ ಹಾಕುತ್ತಿದ್ದೇನೆ. ಮೈಸೂರಿನೊಳಗೆ 14.6. ಊರಿಗೆ ಹೋಗಿ ಬಂದದ್ದು, ಘಾಟಿ ಸೇರಿ, 18.1. ಗಾಡಿಯ ಪರದೆ 19.4 ಎಂದು ತೋರಿಸುತ್ತಿತ್ತು. ಅದರ ಮಾತನ್ನು ಇನ್ನು ನಂಬುವುದಿಲ್ಲ.

ಊರಿನ ಹಳ್ಳ ದಾಟಿದೆವು. ಏರಿನಲ್ಲಿ ಚಕ್ರ ಸುತ್ತಿತು. ಅತ್ತೆ ಯಾರೂ ಹೇಳದೆ ತಾವೇ ಬಾಗಿಲು ತೆಗೆದು ಇಳಿದು, ಕಂಬಳಿಕೊಪ್ಪೆ ಸರಿಮಾಡಿಕೊಂಡು ದರೆಯ ಮೇಲೆ ಹೋಗಿ ನಿಂತರು. ಗಾಡಿ ತಿರುಗಿಸಿ ರಿವರ್ಸ್‌ನಲ್ಲಿ ಹಾಕಿದೆ. ಎರಡನೇ ಸಲಕ್ಕೆ ಹತ್ತಿತು. ಮನೆಗೆ ಹಿಂಬದಿಯಿಂದ ಪ್ರವೇಶಿಸಿದ ಮೊದಲ ಕಾರು ಎಂದು ಭಾವಮೈದುನ ತಮಾಷೆ ಮಾಡಿದ. ಕೆಳಗೆ ಬಗ್ಗಿ ನೋಡಿದರೆ ಸಂಪ್‌ನ ತಗಡಿನ ಮೇಲೆ ಗೇಣುದ್ದ ಹೊಸ ಗೀರು, ಅದರ ಮೇಲೊಂದು ಉಂಬಳ.

ಮರುದಿನ ನಿಟ್ಟೂರಿಗೆ ಹೋಗಿ ಬಾಡಿಗೆಜೀಪು ಅವರ ಗಾಡಿಯಲ್ಲೇ ಕೊಡಚಾದ್ರಿ ಹತ್ತಿದೆವು. ಯಜಮಾನರು ಮುಂದಿನ ಸೀಟು ಹಿಡಿದಿದ್ದರು. ಹೋಗುವಾಗ ಗೇರಿನ ಬಗ್ಗೆ ಹತ್ತು ಪ್ರಶ್ನೆ ಕೇಳಿದರು. ಬರುವಾಗ ಎರಡೂ ಕೈಯಲ್ಲಿ ಕಂಬಿ ಹಿಡಿದು ಸುಮ್ಮನೆ ಕುಳಿತಿದ್ದರು. ಸರ್ವಜ್ಞ ಪೀಠದ ಹತ್ತಿರ ಸಿಳ್ಳಾರದ ಕೂಗು ಕೇಳಿತು, ಮಂಜಿನಲ್ಲಿ ಹಕ್ಕಿ ಕಾಣಲಿಲ್ಲ.

ಬಾಡಿಗೆಜೀಪು

ಸಾರ್ ಅವರ ಸೊಂಟ ಹೇಗಿದೆ?

ಹಕ್ಕಿಗಣ್ಣು

ಎಣ್ಣೆ ಹಚ್ಚಿ ಬಿಸಿನೀರು ಹಾಕಿದ ಮೇಲೆ ಪರವಾಗಿಲ್ಲ. ಆದರೆ ನಿನ್ನೆ ಹಳೆಯ ಜಿಪ್ಸಿಗಳ ಜಾಹೀರಾತು ನೋಡುತ್ತಿದ್ದರು.

ಕೆಂಪುಜಿಮ್ನಿ

ಮನುಷ್ಯ ನನಗೆ ಬಹಳ ಇಷ್ಟವಾದರು.

ಹೊಸಬ (ತುಮಕೂರು)

ನಾನೂ ಇದೇ ಗೊಂದಲದಲ್ಲಿದ್ದೇನೆ. ಮೇಡಂ, ಸಂಪ್‌ನ ತಗಡನ್ನು ಎಲ್ಲಿ ಹಾಕಿಸಿದಿರಿ? ಅದರಿಂದ ವಾರಂಟಿಗೆ ತೊಂದರೆ ಇಲ್ಲವೇ?

ಹಕ್ಕಿಗಣ್ಣು

ಶೋರೂಂನಲ್ಲೇ ಕೇಳಿ ಅವರ ಪಟ್ಟಿಯಲ್ಲಿದ್ದದ್ದನ್ನೇ ಹಾಕಿಸಿದೆ, ಬಿಲ್ಲಿನಲ್ಲಿ ನಮೂದಿಸಿಕೊಂಡೆ. ಹಾಕಿಸುವಾಗ ಎಣ್ಣೆ ಬದಲಿಸುವ ಬೋಲ್ಟಿಗೆ ಕೈ ಹೋಗಲು ತೂತು ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಪ್ರತಿ ಸರ್ವಿಸ್‌ನಲ್ಲೂ ಇಡೀ ತಗಡನ್ನು ಬಿಚ್ಚಬೇಕಾಗುತ್ತದೆ.